ಎಡಗೈಯ ಆಟ

ಅಥವಾ ಅದು ಅಗಸೆ ಎಣ್ಣೆಯ ವಾಸನೆಯೇ ಆಗಿರಲಿಲ್ಲವೇನೋ. ಪೀಣ್ಯದ ಗಾಳಿಯಲ್ಲಿ ಆಗ ಲೇತ್ ಯಂತ್ರದ ಎಣ್ಣೆ, ಸುಟ್ಟ ರಬ್ಬರು, ಪೇಂಟು ಎಲ್ಲ ಬೆರೆತಿರುತ್ತಿತ್ತು. ಅದರೊಳಗಿಂದ ಗಿರಿಜತ್ತೆಯ ಹಾಕಿ ಸ್ಟಿಕ್ಕಿನ ವಾಸನೆಯೊಂದನ್ನೇ ಹೆಕ್ಕಿ ಇಷ್ಟು ವರ್ಷ ಇಟ್ಟುಕೊಂಡಿದ್ದೇನೆ ಎಂದರೆ ನನಗೇ ನಂಬಿಕೆ ಬರುವುದಿಲ್ಲ. ಆದರೂ ಹೋದ ವಾರ ಅಪ್ಪ ಕಟ್ಟಿಸಿದ ಪಿಜಿಯ ಗೃಹಪ್ರವೇಶಕ್ಕೆ ಹೋದಾಗ, ಬಾಗಿಲ ಪಕ್ಕದ ಗಾಜಿನ ಪೆಟ್ಟಿಗೆಯಲ್ಲಿ ಆ ಸ್ಟಿಕ್ಕನ್ನು ಕಂಡು ಮೂಗಿಗೆ ಬಡಿದದ್ದು ಅದೇ. ಗಾಜು ದಾಟಿ ವಾಸನೆ ಬರುವುದಿಲ್ಲ ಎಂದು ನನಗೂ ಗೊತ್ತು.

ಆ ಪಿಜಿ ನಿಂತ ಜಾಗದಲ್ಲೇ ರಾಜಗೋಪಾಲನಗರದ ನಮ್ಮ ಮನೆಯಿತ್ತು. ತಾತ ಸರ್ಕಾರಿ ಕಾರ್ಖಾನೆಯಲ್ಲಿದ್ದರು. ಅವರ ಮಗಳು, ಅಪ್ಪನ ತಂಗಿ ಗಿರಿಜತ್ತೆ, ಎಡಚಿ. ಊಟಕ್ಕೆ ಕೂತಾಗ ಅಜ್ಜಿ ಅವಳ ಎಡಗೈಗೆ ಟವೆಲು ಸುತ್ತಿ ಕಟ್ಟುತ್ತಿದ್ದಳಂತೆ. ಎಡಗೈಯಲ್ಲಿ ಬಡಿಸುವವಳನ್ನು ಯಾವ ಮನೆಯವರು ಒಪ್ಪುತ್ತಾರೆ? ಒಮ್ಮೆ ಶಾಲೆಯ ಪಿ.ಟಿ. ಮೇಷ್ಟ್ರು ಮನೆಗೆ ಬಂದು, "ಹಾಕೀಲಿ ಎಡಗೈಯವ್ರಿಗೆ ಅಂತ ಸ್ಟಿಕ್ಕೇ ಇಲ್ಲ ಕಣಮ್ಮ, ಎಲ್ರೂ ಬಲಗೈ ಸ್ಟಿಕ್ಕಲ್ಲೇ ಆಡ್ಬೇಕು" ಅಂದರಂತೆ. ಅಜ್ಜಿಗೆ ಅದು ಮದ್ದಿನ ಹೆಸರಿನಂತೆ ಕೇಳಿಸಿತು. "ಹಂಗಾದ್ರೆ ಇವತ್ತೇ ಸೇರಿಸ್ಕೊಳ್ಳಿ ಮೇಷ್ಟ್ರೇ, ಕೈ ಸರಿಹೋಗ್ಲಿ." ದೇಶಕ್ಕೆ ಆಡಿದವಳು ನಮ್ಮ ಮನೆಯಿಂದ ಹೊರಟದ್ದು ಹೀಗೆ: ಆಟಕ್ಕಲ್ಲ, ಚಿಕಿತ್ಸೆಗೆ.

ನಾನು ಕಂಡ ಗಿರಿಜತ್ತೆ ಆಗಲೇ ಎರಡು ಸಲ ವಿದೇಶಕ್ಕೆ ಹೋಗಿ ಆಡಿ ಬಂದವಳು. ತಾರಸಿಯ ಹಗ್ಗದ ಮೇಲೆ ಅವಳ ನೀಲಿ ಜೆರ್ಸಿ. ಬೀದಿಯವರಿಗೆ ಕಾಣದಿರಲೆಂದು ಅದರ ಮೇಲೆ ಅಜ್ಜಿ ಹರವಿದ ಸೀರೆ. ಸೀರೆಯ ನೆರಳಲ್ಲಿ ಕೂತು ಅತ್ತೆ ಸ್ಟಿಕ್ಕಿಗೆ ಅಗಸೆ ಎಣ್ಣೆ ತಿಕ್ಕುತ್ತಿದ್ದಳು. ಒಂದು ದಿನ ಅದನ್ನು ನನ್ನ ಕೈಗಿಟ್ಟು, ಎಡಗೈ ಮೇಲೆ, ಬಲಗೈ ಕೆಳಗೆ ಹಿಡಿಸಿದಳು. "ನೋಡೇ ಪುಟ್ಟಿ, ಬಲಗೈ ಸುಮ್ನೆ ಜೊತೇಗಿರುತ್ತೆ ಅಷ್ಟೆ. ತಿರುಗ್ಸೋದೆಲ್ಲ ಎಡಗೈನೇ. ಅಜ್ಜಿಗೆ ಹೇಳ್ಬಿಟ್ಟೀಯ, ಕ್ಯಾಂಪಿಂದ ಎಳ್ಕೊಂಡ್ ಬಂದ್ಬಿಡ್ತಾಳೆ!" ಅವಳು ನಕ್ಕದ್ದು ಸುಳ್ಳಲ್ಲ. ಅಷ್ಟನ್ನು ನಾನು ಯಾರಿಗೂ ಬಿಟ್ಟುಕೊಡುವುದಿಲ್ಲ.

ಆಮೇಲಿನ ಫೋನು. ಮೂರನೆಯ ಪ್ರವಾಸದ ಕ್ಯಾಂಪಿಗೆ ಕರೆದಿದ್ದರು. ಅವಳ ಮದುವೆ ಗೊತ್ತಾಗಿದ್ದ ವಾರ. ತಾತ ರಿಸೀವರ್ ಹಿಡಿದು, "ಇಲ್ಲ ಸಾರ್, ಬರಲ್ಲ. ಅವ್ಳೇ ಬೇಡ ಅಂದ್ಲು" ಎಂದರು. ಅವಳನ್ನು ಯಾರೂ ಕೇಳಿರಲಿಲ್ಲ. ಅಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ಸಾರಿನ ಸೌಟು ಹಿಡಿದು ನಿಂತಿದ್ದಳು. ಇಲ್ಲ, ಸೌಟನ್ನು ನಾನು ಆಮೇಲೆ ಸೇರಿಸಿರಬೇಕು. ಬಾಗಿಲನ್ನೂ ಸೇರಿಸಿರಬಹುದು. ಅವಳು ತಾರಸಿಯಲ್ಲೇ ಇದ್ದಳೋ ಏನೋ. ಖಂಡಿತ ನೆನಪಿರುವುದು ಇಷ್ಟೇ: ಮದುವೆಯ ತನಕ ಅವಳು ಆಗಾಗ ರಿಸೀವರ್ ಎತ್ತಿ, ಸದ್ದು ಬರುತ್ತಿದೆಯೇ ಎಂದು ಕಿವಿಗಿಟ್ಟು ನೋಡಿ, ಮತ್ತೆ ಇಡುತ್ತಿದ್ದಳು. ತಾತನ ಎದುರಿಗೇ.

ಗೃಹಪ್ರವೇಶದಲ್ಲಿ ಅಪ್ಪ ಬಂದವರಿಗೆಲ್ಲ ಆ ಸ್ಟಿಕ್ಕು ತೋರಿಸಿದರು. "ನನ್ ತಂಗಿ ಕಣ್ರೀ, ಇಂಡಿಯಾಗೆ ಆಡಿದ್ಳು. ನಾವೇ ಸೇರ್ಸಿದ್ದು. ಮದ್ವೆ ಅಂತಿದ್ದಂಗೆ ಅವ್ಳೇ ಬಿಟ್ಬಿಟ್ಲು." ಮತ್ತೆ ಅದೇ 'ಅವ್ಳೇ'. ತಾತ ಸತ್ತರೂ ಅವರ ಸುಳ್ಳಿಗೆ ಹೊಸ ಕಟ್ಟಡ ಸಿಕ್ಕಿದೆ, ಗಾಜಿನ ಪೆಟ್ಟಿಗೆಯ ಮೇಲೊಂದು ದೀಪ ಬೇರೆ. ಗಿರಿಜತ್ತೆ ಗಾಜಿನ ಮುಂದೆ ನಿಂತು ನೋಡಿದಳು. ಚೆಂಡು ಹೊಡೆಯುವ ಚಪ್ಪಟೆ ಮಗ್ಗುಲು ಗೋಡೆಗೆ ತಿರುಗಿತ್ತು.

"ಅಣ್ಣ, ಉಲ್ಟಾ ನೇತಾಕಿದೀಯ."

"ಯಾವ್ ಕಡೆ ಆದ್ರೇನಮ್ಮ, ಕಾಣುತ್ತಲ್ಲ!"

ಎಲ್ಲರೂ ನಕ್ಕರು. ನನಗೆ ಆ ಗಾಜು ಒಡೆಯಬೇಕೆನಿಸಿತು. ಊಟಕ್ಕೆ ಅವಳ ಪಕ್ಕದಲ್ಲೇ ಕೂತು, "ಅತ್ತೆ, ಅವತ್ತು ಕ್ಯಾಂಪಿಂದ ಫೋನ್ ಬಂದಾಗ ನೀನು ಎಲ್ಲಿದ್ದೆ?" ಎಂದು ಕೇಳಿದೆ. "ಪಾಯಸ ಹಾಕಿಸ್ಕೊಳ್ಳೇ, ಆರೋಗುತ್ತೆ" ಎಂದಳು. ಅವಳು ಬಲಗೈಯಲ್ಲಿ ಉಣ್ಣುತ್ತಿದ್ದಳು. ಎಡಗೈ ಮಡಿಲಲ್ಲಿ, ಮುಷ್ಟಿ ಕಟ್ಟಿ, ಏನನ್ನೋ ಹಿಡಿದಂತೆ ಇತ್ತು.

ತಾತನ ಮಾತು ಅವತ್ತು ಅವಳಿಗೆ ಕೇಳಿಸಿತ್ತೋ ಇಲ್ಲವೋ, ನನಗೆ ಗೊತ್ತಿಲ್ಲ.