ಕಡೆಯ ಚೌಕದ ಮೇಲಿನ ಅಂಗೈ

ಮೊನ್ನೆ ಅಟ್ಟದ ಮೇಲಿದ್ದ ತಗಡಿನ ಟ್ರಂಕು ಇಳಿಸಿದೆವು. ನನ್ನ ಮದುವೆಯ ಇಳಕಲ್ ಸೀರೆ ನೋಡಬೇಕೆಂದು ಮೊಮ್ಮಗಳು ಹಟ ಹಿಡಿದಿದ್ದಳು. ಸೀರೆ ಎತ್ತಿದರೆ ತಳದಲ್ಲಿ ಹಾಸಿದ್ದ ಪೇಪರು ಕಂಡಿತು. ಹಳದಿಗೆ ತಿರುಗಿ, ಮುಟ್ಟಿದರೆ ಹಪ್ಪಳದ ಹಾಗೆ ಮುರಿಯುತ್ತಿತ್ತು. ಡಾಂಬರು ಗುಳಿಗೆಯ ವಾಸನೆಯ ಕೆಳಗಿನಿಂದ ಹಳೆಯ ಮಸಿಯ ಒಗರು ವಾಸನೆ ಬಂತು. ಮೂಲೆಯಲ್ಲಿ ಒಂದು ಸಾಲು ಚಿತ್ರ, ನಾಲ್ಕು ಚೌಕ. ತಲೆಗೆ ತೊಗಲಿನ ಟೊಪ್ಪಿಗೆ, ಹಣೆಯ ಮೇಲೆ ದಪ್ಪ ಕನ್ನಡಕ ಏರಿಸಿಕೊಂಡ ಒಬ್ಬ ಗಂಡಸು...

"ಯಾರಜ್ಜಿ ಇಂವಾ?" ಎಂದಳು ಹುಡುಗಿ.

"ನಮ್ಮ ವಿಮಾನದಾಂವ" ಎಂದೆ. ಅವಳು ಸೀರೆ ಉಟ್ಟುಕೊಂಡು ಕನ್ನಡಿಯ ಮುಂದೆ ಹೋದಳು. ನಾನು ಅಲ್ಲೇ ಟ್ರಂಕಿನ ಬಾಜೂ ಕುಳಿತೆ.

ಮೂಡಲಗಿಯಿಂದ ನಾನು ಸೊಸೆಯಾಗಿ ಗೋಕಾಕಕ್ಕೆ ಬಂದಾಗ ಎರಡನೆಯ ಮಹಾಯುದ್ಧ ಇನ್ನೂ ಶುರುವಾಗಿರಲಿಲ್ಲ. ಅತ್ತೆ ತೀರಿಕೊಂಡಿದ್ದ ಮನೆ. ನಮ್ಮವರು ಗಿರಣಿಯ ಆಫೀಸಿನಲ್ಲಿ ಕಾರಕೂನರು, ಸೈಕಲ್ ಹತ್ತಿ ಹೋದರೆ ಸಂಜೆಗೇ ಬರುವುದು. ಹಗಲೆಲ್ಲ ನಾನೊಬ್ಬಳೇ. ಗೋಡೆಯಾಚೆ ಜೈನರ ಕಿರಾಣಿ ಅಂಗಡಿ, ಅದರ ಹಿಂದೆ ಅವರ ಮನೆ. ಆ ಮನೆಯ ಹಿರಿಯರನ್ನು ಓಣಿಯೆಲ್ಲ ಆಯಿ ಎಂದೇ ಕರೆಯುತ್ತಿತ್ತು, ನಾನೂ ಹಾಗೇ ಕರೆದೆ. ಹುಕ್ಕೇರಿಯ ತವರು, ಬಿಳಿ ಸೀರೆ, ಬೋಳು ಹಣೆ, ಮಾತು ಮಾತ್ರ ಹಸಿ ಮೆಣಸಿನಕಾಯಿ. ಬಂದ ಎರಡನೆಯ ದಿನವೇ ಗೋಡೆಯ ಮೇಲಿಂದ ಇಣುಕಿ, "ಏ ಹುಡುಗಿ, ಅಳಾಕತ್ತಿಯೇನ? ಅಳೂದಿದ್ರ ಇಲ್ಲಿ ಬಾ, ಜ್ವಾಳಾ ಹಸನ ಮಾಡಕೋತ ಅಳು. ಕೆಲಸರೆ ಆಗತೈತಿ" ಎಂದರು. ಹೋದೆ. ಆಮೇಲೆ ಹೋಗದ ದಿನವೇ ಇಲ್ಲ.

ಗಿರಣಿಯ ಸಾಹೇಬರು ಓದಿ ಬಿಟ್ಟ ಮುಂಬೈಯ ಇಂಗ್ಲಿಷ್ ಪೇಪರನ್ನು ನಮ್ಮವರು ಮನೆಗೆ ತರುತ್ತಿದ್ದರು. ಅವರಿಗೆ ಬೇಕಾದದ್ದು ಸುದ್ದಿ. ನನಗೆ ಬೇಕಾದದ್ದು ಕಪಾಟಿಗೆ ಹಾಸಲು ಕಾಗದ. ಒಂದು ಮಧ್ಯಾಹ್ನ ಆಯಿಗೂ ಒಂದಿಷ್ಟು ಒಯ್ದೆ. ಅವರು ಮಡಚುವ ಮೊದಲು ಹಾಳೆಯನ್ನು ಕಣ್ಣ ಹತ್ತಿರ ಹಿಡಿದು ನಿಂತೇಬಿಟ್ಟರು. ವಿಮಾನವೊಂದು ಹೊಗೆ ಕಾರುತ್ತ ಕಾಡಿನ ಮೇಲೆ ಬೀಳುತ್ತಿತ್ತು. ಅಲ್ಲಿಗೆ ಆ ದಿನದ ಚಿತ್ರ ಮುಗಿದಿತ್ತು.

"ಮುಂದ?" ಎಂದರು ಆಯಿ.

"ನಾಳಿ ಪೇಪರದಾಗ ಬರತೈತಂತ್ರಿ."

"ಅಲ್ಲಿತನಾ ಅಂವ ಬೀಳಕೋತ ಇರಬೇಕೇನ! ಇಂಥಾ ಚಿತ್ರಾ ತೆಗಿಯಾಂವಗ ಕರುಣಾ ಅನ್ನೂದ ಇಲ್ಲ ನೋಡು."

ಮರುದಿನ ಪೇಪರು ಬಂದ ಕೂಡಲೇ ನನಗೆ ಗೋಡೆಯಾಚೆಯಿಂದ ಕೂಗು ಬಂತು. ಹೀಗೆ ಹತ್ತಿದ ಗೀಳು ಅದು. ಇಬ್ಬರಿಗೂ ಇಂಗ್ಲಿಷಿನ ಒಂದಕ್ಷರ ಬಾರದು. ಚಿತ್ರವೇ ನಮ್ಮ ಪಾಲಿಗೆ ಕಥೆ. ಊಟದ ನಂತರ ಕಟ್ಟೆಯ ಮೇಲೆ ಕುಳಿತು, ಮೊರ ಬದಿಗಿಟ್ಟು, ಆಯಿ ಹಾಳೆ ಬಿಚ್ಚುತ್ತಿದ್ದರು. ಕಡೆಯ ಚೌಕದ ಮೇಲೆ ಮೊದಲು ಅಂಗೈ ಇಡುತ್ತಿದ್ದರು. ನಾನು ಕೈ ಸರಿಸಲು ಹೋದರೆ ಬೆರಳಿಗೆ ಏಟು. "ಹಪಾಪಿ! ಅಂವ ಎಷ್ಟ ಸಾವಕಾಶ ತೆಗದಾನ, ನೀ ಅಷ್ಟ ಸಾವಕಾಶ ನೋಡು" ಎನ್ನುತ್ತಿದ್ದರು. ಮುಖಕ್ಕೆ ನೆರಳು ಬಳಿದಿದ್ದರೆ ಏನೋ ಕೇಡು ಕಾದಿದೆ ಎಂದು ಅವರಿಗೆ ಮೊದಲೇ ತಿಳಿಯುತ್ತಿತ್ತು. ಒಂದು ಚೌಕಕ್ಕೂ ಇನ್ನೊಂದಕ್ಕೂ ನಡುವೆ ಬಿಳಿ ಸಂದು ಇರುತ್ತದಲ್ಲ, ಅಲ್ಲಿ ನಡೆದದ್ದನ್ನೆಲ್ಲ ಅವರೇ ಹೇಳುತ್ತಿದ್ದರು. ಅವನು ಅಲ್ಲಿ ಅತ್ತನಂತೆ, ಊರು ನೆನೆಸಿದನಂತೆ, ಕಾಲಿಗೆ ಮುಳ್ಳು ನೆಟ್ಟಿತಂತೆ... ನನಗೆ ಇವತ್ತಿಗೂ ಆ ಚಿತ್ರಗಳಿಗಿಂತ ಆ ಸಂದುಗಳೇ ಹೆಚ್ಚು ನೆನಪಿವೆ.

ಒಂದು ಸಲ ವಿಮಾನದವನು ಕಾಡಿನಲ್ಲಿ ಬೆಂಕಿ ಹೊತ್ತಿಸಿ ಕೋಲಿಗೆ ಏನೋ ಚುಚ್ಚಿ ಸುಡುತ್ತಿದ್ದ. ನನಗೆ ಕಂಡದ್ದು ಹಕ್ಕಿ. ಇರುವೆಯನ್ನೂ ದಾಟಿ ನಡೆಯುವ ಆಯಿಗೆ ಹಾಗೆ ಕಾಣುವುದು ಹೇಗೆ? "ಬದನಿಕಾಯಿ ಸುಡಾಕತ್ತಾನ. ಭರ್ತಾ ಮಾಡತಾನ" ಎಂದು ತೀರ್ಪು ಕೊಟ್ಟರು. ಅಂದು ಮನೆಯಲ್ಲೇ ಇದ್ದ ನಮ್ಮವರು ಗೋಡೆಯ ಈಚೆಯಿಂದ, "ಅದು ಬಾತುಕೋಳಿ ಐತ್ರಿ ಆಯಿ, ಕೆಳಗ ಬರದಾರ" ಎಂದುಬಿಟ್ಟರು. ಆಯಿಯ ಮುಖ ಕೆಂಪಾಯಿತು. "ನೀ ನಿನ್ನ ಸುದ್ದಿ ಓದಕೊಳ್ಳೋ ತಮ್ಮಾ. ನಮ್ಮ ಹುಡುಗನ ತಾಟಿನಾಗ ಕೈ ಹಾಕಬ್ಯಾಡ!" ಅವನು ಕತ್ತಲಾದ ಮೇಲೆ ಉಂಡ ಚಿತ್ರ ಬಂದು, ಮರುದಿನವೇ ವೈರಿಗಳ ಕೈಗೆ ಸಿಕ್ಕಾಗ ಮಾತ್ರ ಅವರಿಗೆ ಅನುಮಾನವೇ ಉಳಿಯಲಿಲ್ಲ. "ಹೊತ್ತು ಮುಳುಗಿಂದ ಉಣಬ್ಯಾಡೋ ಅಂತ ಬಡಕೊಂಡೆ. ಕೇಳಿದನೇನ?" ಎಂದು ನನ್ನನ್ನೇ ಗದರಿದರು. ನಕ್ಕು ನಕ್ಕು ನನ್ನ ಹೊಟ್ಟೆ ಹುಣ್ಣಾಯಿತು.

ಹೀಗೆ ವರ್ಷಗಳು ಸಂದವು. ಯುದ್ಧ ಬಂತು, ಸೀಮೆಎಣ್ಣೆಗೆ ಪಾಳಿ ಹಚ್ಚುವಂತಾಯಿತು, ಪೇಪರು ತೆಳ್ಳಗಾಯಿತು. ಚಿತ್ರದ ಸಾಲು ಮಾತ್ರ ತಪ್ಪಿರಲಿಲ್ಲ.

ಆಯಿಯ ಹೊಟ್ಟೆಯಲ್ಲಿ ಗಂಟು ಬೆಳೆದದ್ದು ಆಗಲೇ. ಮಗ, ಸೊಸೆ ಮಿರಜಿನ ದವಾಖಾನೆಗೆ ಕರೆದೊಯ್ದರು, ಡಾಕ್ಟರು ಕೈಚೆಲ್ಲಿದರು. ತಿರುಗಿ ಬಂದ ಮೇಲೆ ಆಯಿ ಗೊಣಗಲಿಲ್ಲ, ಅಳಲಿಲ್ಲ. ಚಾತುರ್ಮಾಸಕ್ಕೆ ಬಸದಿಯಲ್ಲಿ ತಂಗಿದ್ದ ಮುನಿ ಮಹಾರಾಜರ ಬಳಿ ಹೋಗಿ, ಮನೆಯವರ ಒಪ್ಪಿಗೆ ಪಡೆದು, ಸಲ್ಲೇಖನ ವ್ರತ ಕೇಳಿಕೊಂಡರು. ಮೊದಲು ರೊಟ್ಟಿ ಅನ್ನ ಬಿಟ್ಟರು. ಆಮೇಲೆ ಹಾಲು, ಆಮೇಲೆ ಮಜ್ಜಿಗೆ. ಅವರ ಮನೆಯಲ್ಲಿ ಯಾರೂ ಗೋಳಾಡಲಿಲ್ಲ. ಬಂದವರೆಲ್ಲ ಪುಣ್ಯವಂತರೆಂದು ಕೈಮುಗಿದು ಹೋಗುತ್ತಿದ್ದರು. ನಾವು ಬಸವಣ್ಣನ ಒಕ್ಕಲು, ನನಗೆ ಈ ರೀತಿ ಗೊತ್ತಿರಲಿಲ್ಲ. ಇದ್ದ ಒಬ್ಬ ತಾಯಿಯಂಥವರು ಕಣ್ಣೆದುರಿಗೇ ಕರಗುತ್ತಿದ್ದರೆ ಪುಣ್ಯವಂತೆ, ಪುಣ್ಯ! ನನಗೆ ಸಿಟ್ಟು ಬಂತು. ಖರೆ ಹೇಳುತ್ತೇನೆ, ದೇವರ ಮೇಲೂ ಬಂತು.

ನನ್ನ ಕೈಯಲ್ಲಿ ಏನಿತ್ತು? ಪೇಪರು ಇತ್ತು. ಆಗ ನಮ್ಮ ವಿಮಾನದವನು ಒಂದು ಗವಿಯಲ್ಲಿ ಸಿಕ್ಕಿಬಿದ್ದಿದ್ದ. ಬಾಯಿಗೆ ಬಂಡೆ ಉರುಳಿತ್ತು, ಒಳಗೆ ನೀರು ಏರುತ್ತಿತ್ತು. ನಾಳೆ ಏನಾಗುತ್ತದೆ ಎನ್ನುವ ಆಸೆ ಇರುವವರೆಗೆ ಮನುಷ್ಯ ಸಾಯುವುದಿಲ್ಲ ಎಂದು ನಾನು ನಂಬಿದೆ. ದಿನವೂ ಹಾಳೆ ಹಿಡಿದುಕೊಂಡು ಹೋಗಿ ಅವರ ಚಾಪೆಯ ಬದಿಗೆ ಕುಳಿತೆ. ಮೊದಮೊದಲು ಆಯಿ ನೋಡಿದರು. ಒಣಗಿದ ಆ ಅಂಗೈಯನ್ನು ಕಡೆಯ ಚೌಕದ ಮೇಲೆ ಇಟ್ಟುಕೊಂಡು, ಒಂದೊಂದೇ ಚೌಕ ದಾಟಿದರು. ನೀರು ಮೊಣಕಾಲಿಗೆ ಬಂತು, ಎದೆಗೆ ಬಂತು. ಆಯಿಯ ಕಣ್ಣಲ್ಲಿ ಹಳೆಯ ಮಿಂಚು ಕಂಡು ನನಗೆ ಹೋದ ಜೀವ ಬಂದಂತಾಯಿತು. ಇದು ತಪ್ಪು ಎಂದು ಅವರ ಸೊಸೆ ಮೆಲ್ಲಗೆ ಹೇಳಿದಳು. ನನಗೆ ಇವತ್ತಿಗೂ ತಪ್ಪೆನಿಸಿಲ್ಲ.

ಒಂದು ಮಧ್ಯಾಹ್ನ ಆಯಿ ಹಾಳೆಯನ್ನು ಬಿಚ್ಚದೆ ನನ್ನ ಕಡೆಗೇ ಸರಿಸಿದರು.

"ಇವತ್ತ ನೋಡೂದಿಲ್ರಿ? ನೀರು ಗದ್ದಕ್ಕ ಬಂದೈತ್ರಿ ಆಯಿ!"

"ಮಹಾರಾಜರನ್ನ ಕೇಳಿದೆ" ಎಂದರು. ದನಿ ತೀರ ಸಣ್ಣಗಾಗಿತ್ತು. "ಮುಂದೇನಾತು ಅಂತ ತಿಳಕೋಬೇಕು ಅನಸತೈತ್ರಿ, ಇದೂ ಆಸೇನ ಅಂದೆ. ಯಾವ ಕಥೀ ಅಂದ್ರು. ವಿಮಾನ ಬಿದ್ದಲ್ಲಿಂದ ಹಿಡದು ಗವಿತನಾ ಎಲ್ಲಾ ಹೇಳಿದೆ. ಕೇಳಿದ್ರು. ಕೇಳಿ, ಅವರೂ 'ಮುಂದ?' ಅಂದ್ರು." ನಗಲು ಹೋದ ಆಯಿಗೆ ಉಸಿರು ಹಿಡಿಯಿತು. ಸುಧಾರಿಸಿಕೊಂಡು ಹೇಳಿದರು, "ತಾವ ನಕ್ಕರು ಆಮ್ಯಾಲ. ಅನ್ನಾ ನೀರು ಬಿಡೂದು ಸರಳ ತಾಯಿ, ಇದನ್ನ ಬಿಡೂದ ಬಿರಿ ಐತಿ ಅಂದ್ರು."

"ಒಂದ ಸಲ ನೋಡ್ರಿ. ಬದುಕತಾನಿಲ್ಲೋ ಅಷ್ಟರೆ..."

"ಬದುಕಲಿ. ನಾ ನೋಡಿದ್ರಷ್ಟ ಬದುಕತಾನೇನ?"

ಆಮೇಲೆ ಅವರು ನೀರನ್ನೂ ಬಿಟ್ಟರು. ವ್ರತ ಹಿಡಿದವರು ಎಲ್ಲರ ಕ್ಷಮೆ ಕೇಳಿ, ಎಲ್ಲರನ್ನೂ ಕ್ಷಮಿಸಿ ಹೊರಡುವುದು ಅವರಲ್ಲಿ ರೀತಿ. ಓಣಿಯ ಜನ ಸಾಲಾಗಿ ಬಂದರು. ಆಯಿ ಒಬ್ಬೊಬ್ಬರಿಗೂ ಕೈಜೋಡಿಸಿದರು, ಜಗಳಾಡಿದ ಕಾಯಿಪಲ್ಲೆ ಮಾರುವ ಬಾಗವಾನನಿಗೂ, ಅಂಗಡಿಯ ಹಮಾಲನಿಗೂ. ನನ್ನ ಸರದಿ ಬಂದಾಗ ನಾನು ಮುಖ ತಿರುಗಿಸಿ ನಿಂತೆ. ಕ್ಷಮಿಸಿದೆ ಎಂದರೆ ಹೋಗಿಬಿಡುತ್ತಾರೆ, ನಾನೇಕೆ ಅನ್ನಲಿ? ಆಯಿ ನನ್ನ ಸೆರಗು ಹಿಡಿದು ಕೆಳಗೆ ಎಳೆದರು. ಆ ಕೈಯಲ್ಲಿ ಅಷ್ಟು ಬಲ ಎಲ್ಲಿತ್ತೋ... ಕಿವಿಯ ಹತ್ತಿರ ಹೇಳಿದರು:

"ಮನಿ ಬಿಟ್ಟೆ, ಮಕ್ಕಳನ್ನ ಬಿಟ್ಟೆ, ಆ ವಿಮಾನದಾಂವನ್ನೂ ಬಿಟ್ಟೆ. ನೀ ಒಬ್ಬಾಕಿ ಉಳದೀ ನೋಡು. ನಾಳಿಂದ ಬರಬ್ಯಾಡವ್ವಾ. ನೀ ಬಂದ್ರ ನನಗ ಬಿಡಾಕಾಗೂದಿಲ್ಲ."

ನಾನು ಹೋಗಲಿಲ್ಲ. ಗೋಡೆಯ ಈಚೆ ಕುಳಿತು ಅವರ ಮನೆಯ ಮಂತ್ರ ಕೇಳುತ್ತಿದ್ದೆ. ಒಂದು ಬೆಳಿಗ್ಗೆ ಮಂತ್ರ ನಿಂತಿತು. ಕುಳಿತ ಭಂಗಿಯಲ್ಲೇ ಅವರನ್ನು ವಾದ್ಯ ಬಾರಿಸುತ್ತ ಮೆರವಣಿಗೆಯಲ್ಲಿ ಒಯ್ದರು. ಅಂಥ ಸಾವಿಗೆ ಅಳಬಾರದಂತೆ. ನಾನು ಅತ್ತೆ.

ವಿಮಾನದವನು ಗವಿಯಿಂದ ಪಾರಾದನೆಂದು ನಮ್ಮವರು ಒಂದು ದಿನ ಹೇಳಿದರು. ಬೇರೆ ಹೊತ್ತಿನಲ್ಲಾಗಿದ್ದರೆ ಕುಣಿಯುತ್ತಿದ್ದೆ. ಅಂದು ಏನೂ ಅನಿಸಲಿಲ್ಲ. ಮುಂದೆ ಕಾಗದ ತುಟ್ಟಿಯಾಗಿ ಆ ಚಿತ್ರದ ಸಾಲೂ ನಿಂತುಹೋಯಿತು. ಎಲ್ಲೋ ದೂರದ ದೇಶದಲ್ಲಿ ಅದನ್ನು ಬರೆದವನಿಗೆ, ಗೋಕಾಕದ ಒಂದು ಕಟ್ಟೆಯ ಮೇಲೆ ಇಬ್ಬರು ಹೆಂಗಸರು ಅವನ ಚೌಕಗಳ ನಡುವೆ ಬದುಕುತ್ತಿದ್ದರೆಂದು ಗೊತ್ತಾಗುವುದಾದರೂ ಹೇಗೆ?

ಈಗ ನನಗೆ ಆಯಿಯ ಆಗಿನ ವಯಸ್ಸಿಗಿಂತ ಹೆಚ್ಚಾಗಿದೆ. ನಮ್ಮವರು ಹೋಗಿ ವರ್ಷಗಳಾದವು. ಕೇಳಬೇಕೆಂದರೆ ಆಚೆ ಮನೆಯಲ್ಲಿ ಅವರ ಪೈಕಿ ಯಾರೂ ಉಳಿದಿಲ್ಲ. ಆ ಕಡೆಯ ದಿನಗಳಲ್ಲಿ ಆಯಿ ನನ್ನನ್ನು ಬಿಟ್ಟರೋ ಇಲ್ಲವೋ, ನನಗೆ ಯಾರೂ ಹೇಳಲಿಲ್ಲ. ಅವರ ವ್ರತ ಕೆಡದಿರಲಿ, ಪೂರಾ ಬಿಟ್ಟಿರಲಿ ಎಂದು ನಾನು ಕೈಮುಗಿಯಬೇಕು. ಕೈಯೇನೋ ಮುಗಿಯುತ್ತೇನೆ. ಮನಸ್ಸು ಮಾತ್ರ, ಇಲ್ಲ, ತುಸುವಾದರೂ ಉಳಿಸಿಕೊಂಡಿರಲಿ ಎನ್ನುತ್ತದೆ.