ಹನ್ನೊಂದು ಟೇಪುಗಳ ಲಂಡನ್ ಅಕ್ಕ

ಹೋದ ವಾರ ಮಗಳು ಹಣ್ಣು ಒಣಗಿಸುವ ಯಂತ್ರವೊಂದನ್ನು ತಂದಳು. ಲಿವರ್‌ಮೋರ್ ದೇವಸ್ಥಾನದಿಂದ ಬರುವಾಗ ಕೊಂಡಿದ್ದ ಏಪ್ರಿಕಾಟ್ ಹೆಚ್ಚಿಟ್ಟು ಸ್ವಿಚ್ಚು ಹಾಕಿದಳು. ಸ್ವಲ್ಪ ಹೊತ್ತಿಗೆ ಬಿಸಿ ಪ್ಲಾಸ್ಟಿಕ್ಕಿನ ಹುಳಿ ಹುಳಿ ವಾಸನೆ ಅಡುಗೆಮನೆ ತುಂಬಿತು. ನಾನು ಒಲೆಯ ಮೇಲಿದ್ದ ಸಾರು ಮರೆತು ಕುರ್ಚಿ ಎಳೆದುಕೊಂಡು ಕೂತುಬಿಟ್ಟೆ. ಅದು ಲಂಡನ್ ಅಕ್ಕನ ವಾಸನೆ... ಅಂದರೆ ಅವರ ಟೇಪುಗಳ ವಾಸನೆ.

ಆಗ ಡಾಟ್ ಕಾಮ್ ಕಾಲ, ಇಂಟರ್ನೆಟ್ ಕಂಪನಿಗಳು ನಾಯಿಕೊಡೆಗಳಂತೆ ಏಳುತ್ತಿದ್ದವು. ಇಲ್ಲೇ ಅಮೆರಿಕದ ಮೆನ್ಲೋ ಪಾರ್ಕಿನಲ್ಲಿದ್ದ ನಮ್ಮ ಕಂಪನಿಗೆ ಹಳೆಯ ಹಾಡುಗಳನ್ನೆಲ್ಲ ಇಂಟರ್ನೆಟ್ಟಿಗೆ ಹಾಕುವ ಕೆಲಸ. ಟೇಬಲ್ ಟೆನಿಸ್ ಆಡಿಕೊಂಡು, ಪುಕ್ಕಟೆ ಸೋಡಾ ಕುಡಿದುಕೊಂಡು ಏನೋ ಕಡಿದು ಕಟ್ಟೆ ಹಾಕುತ್ತಿದ್ದೇವೆ ಅಂದುಕೊಂಡಿದ್ದೆವು. ಅಕ್ಕನನ್ನು ಕಂಪನಿಯೇ ಲಂಡನ್ನಿನಿಂದ ಕರೆಸಿತ್ತು. ಬ್ರಿಟನ್ನಿನಲ್ಲಿ ಮೊಟ್ಟಮೊದಲು ಹಿಪ್ ಹಾಪ್ ಹಾಡಿದ ನಾಲ್ಕಾರು ಜನರಲ್ಲಿ ಅವರೊಬ್ಬರು. ನನಗಿಂತ ಹತ್ತು ವರ್ಷ ದೊಡ್ಡವರಾದ್ದರಿಂದ ಅಕ್ಕ ಎಂದೆ. ಅರ್ಥ ಹೇಳಿದ ಮೇಲೆ ಅವರಿಗೆ ಅದೇ ಇಷ್ಟವಾಯಿತು.

ಇಬ್ಬರೂ ಕೊಲ್ಲಿಯ ಆಚೆ ದಡದ ನೆವಾರ್ಕಿನಲ್ಲಿ ಒಂದೇ ಅಪಾರ್ಟ್‌ಮೆಂಟ್ ಕಾಂಪ್ಲೆಕ್ಸಿನಲ್ಲಿದ್ದೆವು. ಅವರಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಇಲ್ಲಿ ಕಾರಿಲ್ಲದವರು ಕಾಲಿಲ್ಲದವರ ಹಾಗೇ. ಹಾಗಾಗಿ ದಿನಾ ಬೆಳಿಗ್ಗೆ ಸಂಜೆ ನನ್ನ ಕಾರಿನಲ್ಲೇ, ಕೊಲ್ಲಿಯ ಮೇಲಿನ ಸೇತುವೆಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು, ಅವರ ಕಥೆಯನ್ನು ಕಂತು ಕಂತಾಗಿ ಕೇಳಿದೆ.

ಜಮೈಕಾದಿಂದ ಬಂದ ನರ್ಸಮ್ಮನ ಮಗಳು. ಹತ್ತೊಂಬತ್ತಕ್ಕೆ ಮೈಕ್ ಹಿಡಿದಾಗ ರೆಕಾರ್ಡ್ ಕಂಪನಿಯವರು, ಅಮೆರಿಕದವರ ಥರ ಹಾಡು, ಲಂಡನ್ ಉಚ್ಚಾರದ ರ‍್ಯಾಪ್ ಯಾರೂ ಕೇಳಲ್ಲ ಅಂದರಂತೆ. ಇವರು ಒಪ್ಪಲಿಲ್ಲ. ತಮ್ಮ ಬೀದಿಯ ಮಾತಿನಲ್ಲೇ ಹಾಡಿದರು. ಸಭಾಂಗಣಗಳು ತುಂಬಿದವು, ಒಂದು ರೆಕಾರ್ಡು ಬಂತು, ಆಮೇಲೆ ಅದನ್ನು ತಂದ ಸಣ್ಣ ಕಂಪನಿ ಮುಚ್ಚಿತು. ಅವರು ಅಂಗನವಾಡಿಯಂಥ ಒಂದು ಕಡೆ ಮಕ್ಕಳನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿದರು. ಅವರ ಹಿಂದೆ ಬಂದವರು ಅದೇ ಉಚ್ಚಾರದಲ್ಲಿ ಹಾಡಿ ಹೆಸರಾದರು. ಇದನ್ನೆಲ್ಲ ಅವರು ಬೇಜಾರಿಲ್ಲದೆ ಹೇಳುತ್ತಿದ್ದರು. ಒಮ್ಮೆ ನಾನು ಕಾರಿನಲ್ಲಿ ಆಫೀಸಿನ ಫೋನು ಮುಗಿಸಿದ ಮೇಲೆ ಮಾತ್ರ ನನ್ನನ್ನೇ ನೋಡಿ, “ಈಗ ಮಾತಾಡಿದ್ದು ಯಾರು?” ಅಂದರು. ಅಮೆರಿಕನ್ ಉಚ್ಚಾರ ಕಲಿಯಲು ಕ್ಲಾಸಿಗೆ ಹೋಗಿದ್ದ ಹಾಸನದ ಹುಡುಗಿ ನಾನು. ನಾಚಿಕೆಯಾಯಿತು. ಕೋಪವೂ ಬಂತು.

ಅವರು ಲಂಡನ್ನಿನಿಂದ ತಂದಿದ್ದು ತಮ್ಮ ಆರಂಭದ ಹಾಡುಗಳ ಹನ್ನೊಂದು ದೊಡ್ಡ ಟೇಪುಗಳು. ಬೇರೆ ಪ್ರತಿ ಇರಲಿಲ್ಲ. ಹಳೆಯ ಟೇಪು ತೇವ ಕುಡಿದು ಅಂಟಂಟಾಗಿರುತ್ತದೆ, ಹಾಗೇ ಓಡಿಸಿದರೆ ಹಾಡಿರುವ ಲೇಪವೇ ಕಿತ್ತುಬರುತ್ತದೆ. ಅದಕ್ಕೆ ಹಣ್ಣು ಒಣಗಿಸುವ ಯಂತ್ರದಲ್ಲಿಟ್ಟು ಸಣ್ಣ ಬಿಸಿಯಲ್ಲಿ ಒಣಗಿಸಿಕೊಳ್ಳಬೇಕು, ಸಂಡಿಗೆ ಒಣಗಿಸಿದ ಹಾಗೆ. ಆ ಕೆಲಸ ನನ್ನದು. ಒಂದೊಂದನ್ನೇ ಒಣಗಿಸಿ ಕಂಪ್ಯೂಟರಿಗೆ ಇಳಿಸಿದೆ. ಹೆಡ್‌ಫೋನಿನಲ್ಲಿ ಆ ಹತ್ತೊಂಬತ್ತರ ದನಿ ಬಂದಾಗ... ಏನು ಹೇಳಲಿ, ಮೈ ಜುಮ್ಮೆಂದಿತು. ಎಲ್ಲ ಮುಗಿದ ಮೇಲೆ ಟೇಪುಗಳು ನನ್ನಂಥ ಕೆಲವರ ಬ್ಯಾಡ್ಜಿಗೆ ಮಾತ್ರ ತೆರೆಯುವ ಬೀಗದ ರೂಮಿನಲ್ಲಿ ಕೂತವು. ವಾಪಸ್ ಕೊಡಲು ಫಾರಮ್ಮಿಗೆ ಮ್ಯಾನೇಜರರ ಸಹಿ ಬೇಕಿತ್ತು. ನಾಳೆ ಹಾಕ್ತೀನಿ ಅನ್ನುತ್ತಲೇ ಅವರು ದಿನ ದೂಡಿದರು.

ಅಷ್ಟರಲ್ಲಿ ಡಾಟ್ ಕಾಮ್‌ಗಳು ಒಂದೊಂದಾಗಿ ಮಕಾಡೆ ಮಲಗಿದವು. ನನ್ನ ಗಂಡನ ಕೆಲಸ ಮೊದಲು ಹೋಯಿತು. ಇಬ್ಬರೂ ಇಲ್ಲಿ ನಿಂತಿದ್ದು ನನ್ನೊಬ್ಬಳ ವೀಸಾದ ಮೇಲೆ. ಹೊಟ್ಟೆಯಲ್ಲಿ ಮಗಳು ಐದು ತಿಂಗಳು. ನಮ್ಮ ಕಂಪನಿಯೂ ಮುಚ್ಚುತ್ತದೆ ಎಂದು ಗೊತ್ತಾದಾಗ ಹೇಗೋ ಬೇರೆ ಕಡೆ ಕೆಲಸ ಹುಡುಕಿಕೊಂಡೆ. ಆದರೆ ವೀಸಾ ಬದಲಾಗಲು ಅದೇ ಮ್ಯಾನೇಜರರ ಪತ್ರ ಬೇಕಿತ್ತು. ಗಂಡನದು ದಿನಾ ಒಂದೇ ಮಾತು: “ಅವ್ರ ಸೈನ್ ಇಲ್ದೆ ಆಫೀಸಿಂದ ಒಂದು ಪಿನ್ನೂ ತರ್ಬೇಡ. ಲೆಟರ್ ಕೈಗೆ ಬರ್ಲಿ ಮೊದ್ಲು.”

ಕೊನೆಯ ಶುಕ್ರವಾರ ಸಂಜೆ ಮ್ಯಾನೇಜರ್ ಆಗಲೇ ಮನೆಗೆ ಹೋಗಿದ್ದರು. ಅಕ್ಕನ ವೀಸಾವೂ ಕಂಪನಿಯದೇ. ಭಾನುವಾರ ಅವರ ವಿಮಾನ. ಬೀಗದ ರೂಮಿನ ಮುಂದೆ ನನಗಾಗಿ ಕಾಯುತ್ತಿದ್ದರು.

“ನನ್ನ ಗಂಟಲು ಒಳಗಿದೆ,” ಅಂದರು. “ಐದು ನಿಮಿಷ ಬಾಗಿಲು ತೆಗಿ, ಸಾಕು.”

“ಬ್ಯಾಡ್ಜು ಕೆಲಸ ಮಾಡ್ತಿಲ್ಲ ಅಕ್ಕ,” ಅಂದೆ. “ಸೋಮವಾರ ನಾನೇ ಪೋಸ್ಟ್ ಮಾಡ್ತೀನಿ.”

ಅರ್ಧ ಗಂಟೆ ಹಿಂದೆ ಅದೇ ಬ್ಯಾಡ್ಜಿನಿಂದ ಅದೇ ಬಾಗಿಲು ತೆಗೆದು ನಾನು ಒಳಗೆ ಹೋಗಿದ್ದನ್ನು ಅವರು ನೋಡಿದ್ದರು. ನನ್ನ ಕೊರಳಲ್ಲಿ ನೇತಾಡುತ್ತಿದ್ದ ಅದನ್ನೊಮ್ಮೆ ನೋಡಿದರು, ಆಮೇಲೆ ನನ್ನ ಹೊಟ್ಟೆಯನ್ನು. ಸರಿ ಎಂದು ತಲೆ ಆಡಿಸಿದರು. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು.

ಸುಳ್ಳು ಹೇಳಿದ ಮೇಲೆ ಅವರನ್ನು ಮನೆಗೆ ಬಿಡಬೇಕಾದವಳೂ ನಾನೇ. ಸೇತುವೆಯ ಮೇಲೆ ಕಾರುಗಳು ಅಲ್ಲಾಡಲಿಲ್ಲ. ಎರಡೂ ಕಡೆ ನೀರು, ಮುಂದೆ ಹಿಂದೆ ಕಾರು. ವಾಪಸ್ ತಿರುಗಿಸೋಣ ಅಂತ ಹೇಳಲು ಮೂರು ಸಲ ಬಾಯಿ ತೆರೆದೆ, ಮೂರು ಸಲವೂ ರೇಡಿಯೋ ಸ್ಟೇಷನ್ ಬದಲಾಯಿಸಿದೆ. ತಿರುಗಿಸಲು ಅಲ್ಲಿ ಜಾಗವಿರಲಿಲ್ಲ, ನಿಜ. ಸೇತುವೆ ದಾಟಿದ ಮೇಲೆ ಬೇಕಾದಷ್ಟಿತ್ತು... ಇಳಿಯುವಾಗ ಅಕ್ಕ ಯಾವತ್ತಿನಂತೆ ಥ್ಯಾಂಕ್ಸ್ ಅಂದರು.

ಸೋಮವಾರ ಹೋದಾಗ ಬೀಗಗಳನ್ನು ಬದಲಾಯಿಸಿದ್ದರು. ಒಳಗಿದ್ದ ಕುರ್ಚಿ, ಕಂಪ್ಯೂಟರು, ಟೇಪು ಎಲ್ಲ ಸಗಟು ಹರಾಜಿಗೆ ಹೋದವು. ಇಳಿಸಿದ್ದ ಹಾಡುಗಳೂ ಆ ಕಂಪ್ಯೂಟರುಗಳ ಜೊತೆಗೇ ಹೋದವು. ಯಾರು ಕೊಂಡರೆಂದು ಆಮೇಲೆ ಎಷ್ಟು ವಿಚಾರಿಸಿದರೂ ತಿಳಿಯಲಿಲ್ಲ. ನನ್ನ ಪತ್ರ ಮಾತ್ರ ಬಂತು. ಅಕ್ಕನಿಗೆ ಒಂದು ಇಮೇಲ್ ಬರೆದೆ, ಅದರಲ್ಲೂ ಪೂರ್ತಿ ನಿಜ ಬರೆಯಲಿಲ್ಲ. ಉತ್ತರ ಬರಲಿಲ್ಲ.

ಒಲೆಯ ಮೇಲೆ ಸಾರು ಉಕ್ಕುತ್ತಿದ್ದರೂ ನಾನು ಏಳದ್ದು ನೋಡಿ ಮಗಳು ಏನಾಯಿತೆಂದು ಕೇಳಿದಳು. ಹೇಳಿದೆ. ಅವಳು ಫೋನಿನಲ್ಲಿ ಅಕ್ಕನ ಹೆಸರು ಹುಡುಕಿದಳು. ಹೋದ ವರ್ಷ ತೀರಿಕೊಂಡರಂತೆ. ಅವರ ಹಾದಿಯಲ್ಲಿ ಬಂದವರು ಪ್ರೀತಿಯಿಂದ ಬರೆದಿದ್ದರು. ಕೊನೆಯಲ್ಲಿ ಒಂದು ಸಾಲು: ಅವರ ಆರಂಭದ ಟೇಪುಗಳು ಏನಾದವೋ ಯಾರಿಗೂ ಗೊತ್ತಿಲ್ಲ.

“ಸೋ ಸ್ಯಾಡ್, ಅಮ್ಮ. ಯು ಟ್ರೈಡ್, ರೈಟ್?” ಅಂದಳು ಮಗಳು.

ಹೂಂ ಅಂದೆ. ಅವಳಿಗೆ ಎಲ್ಲವನ್ನೂ ಹೇಳಿದ್ದೆ, ಆ ಶುಕ್ರವಾರದ ಸುಳ್ಳೊಂದನ್ನು ಬಿಟ್ಟು. ಅದನ್ನು ಇಲ್ಲಿ ಬರೆದಿದ್ದೇನೆ. ಅವಳಿಗೆ ಕನ್ನಡ ಓದಲು ಬರುವುದಿಲ್ಲ.