ಅವ್ವನ ಮುಖದಲ್ಲಿ ನನ್ನ ಕಣ್ಣು

ಚೌಕಟ್ಟಿನ ಹಿಂದಿನ ಹಲಗೆ ಬಿಚ್ಚಿದಾಗ ಹುಳಿ ವಾಸನೆ ಬಂತು, ಹಳೆಯ ಉಪ್ಪಿನಕಾಯಿ ಭರಣಿಯ ಮುಚ್ಚಳ ತೆಗೆದ ಹಾಗೆ. ಫೋಟೋ ತೊಳೆಯುವ ಔಷಧದ ವಾಸನೆ ಅದು. ಮೂಲೆಯಲ್ಲಿ ಒಡೆದ ಗಾಜಿನ ಚೂರೊಂದು ಇನ್ನೂ ಕಚ್ಚಿಕೊಂಡಿತ್ತು. ನವಲಗುಂದದ ಶಾಲೆಯೊಂದರ ಸಭಾಂಗಣದಲ್ಲಿ ನನ್ನ ಭಾವಚಿತ್ರಗಳ ಪ್ರದರ್ಶನಕ್ಕೆ ಇನ್ನೆರಡು ದಿನ ಇತ್ತು. ಹುಟ್ಟಿದ ಊರಿನಲ್ಲಿ ನನ್ನ ಮೊದಲ ಪ್ರದರ್ಶನ. ಬಾಗಿಲಲ್ಲೇ ತೂಗುಹಾಕಬೇಕೆಂದು ತಂದಿದ್ದ ಆ ಒಂದು ಚಿತ್ರ ಮಾತ್ರ ನಾನು ಬರೆದದ್ದಲ್ಲ. ಅದು ಫೋಟೋ ಕಾಕಾ ಬರೆದದ್ದು.

ಬಸ್ ಸ್ಟ್ಯಾಂಡಿನ ಪಕ್ಕ ಅವರ ಸ್ಟುಡಿಯೋ ಇತ್ತು. ನಮ್ಮವರಲ್ಲಿ ಸತ್ತವರನ್ನು ಕೂರಿಸಿ, ವಿಭೂತಿ ಹಚ್ಚಿ, ಹಾರ ಹಾಕಿ ಫೋಟೋ ತೆಗೆಸುತ್ತಾರೆ. ಬದುಕಿದ್ದಾಗ ಒಂದೂ ಫೋಟೋ ಇಲ್ಲದ ಹೆಂಗಸರು ಆಗ ಎಷ್ಟೋ ಮನೆಗಳಲ್ಲಿದ್ದರು. ಅವರಿಗೆ ಮೊದಲ ಫೋಟೋ ಅದೇ. ಮುಚ್ಚಿದ ಕಣ್ಣಿನ ಮುಖವನ್ನು ಗೋಡೆಗೆ ಹಾಕಲು ಯಾರಿಗೂ ಮನಸ್ಸಿರಲಿಲ್ಲ. ಕಾಕಾ ಸಣ್ಣ ಕುಂಚದಿಂದ ಅದರ ಮೇಲೆ ತೆರೆದ ಕಣ್ಣು ಬರೆದು ಕೊಡುತ್ತಿದ್ದರು. ಕೈಗೆ ಬಂದ ಹಾಗೆ ಬರೆಯುವ ಪೈಕಿ ಅಲ್ಲ. ಸತ್ತವರ ಮಗಳನ್ನೋ ತಮ್ಮನನ್ನೋ ಎದುರಿಗೆ ಕೂರಿಸಿಕೊಂಡು, ಅವರ ಕಣ್ಣು ನೋಡಿಯೇ ಬರೆಯುತ್ತಿದ್ದರು. "ಕಣ್ಣ ಮನಿತನದ್ದ ಇರತೈತ್ರಿ," ಎನ್ನುತ್ತಿದ್ದರು.

ಅವ್ವ ಸತ್ತಾಗ ನನಗೆ ಹನ್ನೊಂದು ವರ್ಷ. ಸತ್ತಳು ಎಂದು ಬರೆಯುವುದು ಕೈಗೆ ರೂಢಿಯಾಗಿಬಿಟ್ಟಿದೆ. ಅಪ್ಪ ಕೊಂದ. ಮಧ್ಯಾಹ್ನ ರೊಟ್ಟಿ ಆರಿತ್ತು ಎಂಬ ಕಾರಣಕ್ಕೆ ಶುರುವಾದದ್ದು. ಮೊದಲು ಕೈ, ಆಮೇಲೆ ಬಾರುಕೋಲು, ಕೊನೆಗೆ ತುರುಬು ಹಿಡಿದು ಒರಳುಕಲ್ಲಿಗೆ ತಲೆ ಅಪ್ಪಳಿಸಿದ. ಮೂರು ಸಲ. ಜೋಳದ ಚೀಲಗಳ ಸಂದಿಯಲ್ಲಿ ಕೂತು ನೋಡಿದೆ. ಎರಡು ಸಲ ಅವ್ವ ಕೂಗಿದಳು. ಮೂರನೆಯ ಸಲ... ಕಲ್ಲಿನ ಸದ್ದು ಮಾತ್ರ. ಅಜ್ಜಿ ಬಂದು ಮೊದಲು ನೆಲ ತೊಳೆದಳು. ಆಮೇಲೆ ಒದ್ದೆ ಕೈಯಲ್ಲಿ ನನ್ನ ಗಲ್ಲ ಹಿಡಿದು, "ಅಟ್ಟದ ಮ್ಯಾಲಿಂದ ಬಿದ್ಲು ಅಂತ ಹೇಳಬೇಕ. ತಿಳೀತಿಲ್ಲೋ?" ಎಂದಳು. ಕೇಳಿದವರಿಗೆಲ್ಲ ಹಾಗೇ ಹೇಳಿದೆ. ಪೊಲೀಸರಿಗೂ ಹೇಳಿದೆ.

ಸೆರಗನ್ನು ಹುಬ್ಬಿನವರೆಗೆ ಎಳೆದು ಅವ್ವನನ್ನು ಕೂರಿಸಿದ್ದರು. ಫೋಟೋ ತೆಗೆಯಲು ಬಂದ ಕಾಕಾ ಸೆರಗು ಸರಿಮಾಡುವ ನೆಪದಲ್ಲಿ ಒಮ್ಮೆ ಎತ್ತಿ ನೋಡಿದರು. ಮತ್ತೆ ಹಾಗೇ ಮುಚ್ಚಿದರು. ನಾಲ್ಕು ದಿನ ಬಿಟ್ಟು ಅಜ್ಜಿ ನನ್ನನ್ನು ಸ್ಟುಡಿಯೋಕ್ಕೆ ಕರೆದೊಯ್ದು ಸ್ಟೂಲಿನ ಮೇಲೆ ಕೂರಿಸಿ, ಸಂತೆಗೆ ಹೋದಳು.

"ನಗಬೇಕೇನ್ರಿ ಕಾಕಾ?" ಎಂದು ಕೇಳಿದೆ.

"ಬ್ಯಾಡ ಯವ್ವಾ. ನೀ ಏನ ನೋಡೀದಿ, ಅದನ್ನ ನೆನಸ್ಕೊ. ನನಗೇನೂ ಹೇಳಬ್ಯಾಡ."

ನೆನೆಸಿಕೊಂಡೆ. ಅವರು ಕುಂಚದ ತುದಿಯನ್ನು ತುಟಿಗೆ ತಾಗಿಸಿ ಚೂಪು ಮಾಡಿಕೊಳ್ಳುತ್ತ, ನನ್ನನ್ನು ನೋಡುತ್ತ, ಬರೆಯುತ್ತ ಇದ್ದರು. ನಡುವೆ ಎರಡು ಸಲ ಎದ್ದು ಹೋಗಿ ಮುಖ ತೊಳೆದುಕೊಂಡು ಬಂದರು.

ಚಿತ್ರ ತರಲು ಅಪ್ಪ ಹೋದಾಗ ನನ್ನನ್ನೂ ಕರೆದೊಯ್ದ. ಕಾಕಾ ಕಾಗದ ಬಿಚ್ಚಿದರು. ಅವ್ವನ ಮುಖದಿಂದ ನಾನು ಅಪ್ಪನನ್ನು ನೋಡುತ್ತಿದ್ದೆ, ಚೀಲಗಳ ಸಂದಿಯಿಂದ ನೋಡಿದ ಹಾಗೆಯೇ. ಅಪ್ಪನ ಕುತ್ತಿಗೆಯ ನರ ಉಬ್ಬಿತು.

"ಇವೇನ್ ಕಣ್ಣಲೇ? ಬ್ಯಾರೆ ಬರಿ."

"ಬ್ಯಾರೆ ಬರಿಯಂಗಿಲ್ರಿ ಸಾವ್ಕಾರ್ರ. ನಿಮ್ಮ ಮಗಳ ಕಣ್ಣಾಗ ಇದ್ದದ್ದನ್ನ ಬರದೇನಿ."

ಅಪ್ಪ ಚೌಕಟ್ಟು ಎತ್ತಿ ಅದರ ಅಂಚಿನಿಂದಲೇ ಅವರ ಮುಖಕ್ಕೆ ಹೊಡೆದ. ಗಾಜು ಪುಡಿಯಾಯಿತು, ಮೂಗು ಒಡೆದು ಅಂಗಿಯ ತುಂಬ ರಕ್ತ. ಕೆಳಗೆ ಬಿದ್ದವರನ್ನು ಫೋಟೋ ತೊಳೆಯುವ ಕತ್ತಲೆಕೋಣೆಯವರೆಗೆ ದರದರ ಎಳೆದು, ಬಲಗೈಯನ್ನು ಬಾಗಿಲ ಸಂದಿಗೆ ಇಟ್ಟು, ಬಾಗಿಲನ್ನು ಒದ್ದ. ಒಣಗಿದ ಹತ್ತಿಕಟ್ಟಿಗೆ ಮುರಿದಂಥ ಸದ್ದು. ಮತ್ತೆ ಒದ್ದ. ಪಕ್ಕದಂಗಡಿಯ ದರ್ಜಿ ಓಡಿ ಬಂದು, "ಏನಾತ್ರಿ? ಏನಾತು?" ಎಂದ. ಅಪ್ಪ ನನ್ನ ಕಡೆ ನೋಡಿದ.

"ಕಾಕಾ ಸ್ಟೂಲಿನ ಮ್ಯಾಲಿಂದ ಬಿದ್ರು," ಎಂದೆ.

ಯಾರೂ ಹೇಳಿಕೊಟ್ಟಿರಲಿಲ್ಲ. ತಾನಾಗಿ ಬಂತು. ಕಾಕಾ ನೆಲದಲ್ಲೇ ತಲೆ ಎತ್ತಿ ನನ್ನನ್ನು ನೋಡಿದರು. ನಾನು ಮರಳಿ ಯಾರ ಜೊತೆ ಮನೆಗೆ ಹೋಗಬೇಕು ಎಂಬುದು ಅವರಿಗೆ ಗೊತ್ತಿತ್ತು. "ಹೌದ್ರಿ, ಬಿದ್ನಿ," ಎಂದರು.

ಹೆಬ್ಬೆರಳು ಮತ್ತು ಅದರ ಪಕ್ಕದ ಎರಡು ಬೆರಳು ಮತ್ತೆ ಕೂಡಲಿಲ್ಲ. ಎಡಗೈಯಿಂದ ಕ್ಯಾಮೆರಾ ಒತ್ತುತ್ತಿದ್ದರು ಅಷ್ಟೇ. ಆಮೇಲೆ ನಮ್ಮೂರಿನ ಸತ್ತವರು ಕಣ್ಣು ಮುಚ್ಚಿಕೊಂಡೇ ಗೋಡೆ ಏರಿದರು. ಅಪ್ಪನೂ. ಅವನು ಹೊಟ್ಟೆ ತುಂಬ ಉಂಡು, ಹಾಸಿಗೆಯಲ್ಲಿ, ನಿದ್ದೆಯಲ್ಲಿ ಸತ್ತ. ಅದಕ್ಕೆ ನನಗೆ ಈಗಲೂ ಸಿಟ್ಟಿದೆ. ಗಾಜಿನ ಚೂರುಗಳ ನಡುವಿನಿಂದ ನಾನು ಎತ್ತಿಕೊಂಡು ಬಂದ ಅವ್ವನ ಚಿತ್ರವನ್ನು ಧಾರವಾಡದಲ್ಲಿ ಚಿತ್ರಕಲೆ ಕಲಿಯುವಾಗಲೂ ಟ್ರಂಕಿನಲ್ಲಿ ಇಟ್ಟುಕೊಂಡಿದ್ದೆ. ನನ್ನ ಮುಖ ಬರೆಯಲು ಕೂತರೆ ಅವ್ವ ಬರುತ್ತಿದ್ದಳು, ಅವ್ವನನ್ನು ಬರೆಯಲು ಕೂತರೆ ನಾನು... ಊರಿಗೆ ಬಂದಾಗಲೆಲ್ಲ ಬಸ್ ಇಳಿದು, ಸ್ಟುಡಿಯೋ ದಾಟುವ ತನಕ ಆ ಕಡೆ ನೋಡುತ್ತಿರಲಿಲ್ಲ. ಕಾಕಾ ತೀರಿಕೊಂಡ ಸುದ್ದಿ ಬಂದಾಗ, ಇನ್ನು ಮುಖ ತೋರಿಸಬೇಕಿಲ್ಲ ಎಂದು ಹಗುರಾದೆ. ಅಷ್ಟು ನೀಚತನ ನನ್ನಲ್ಲಿತ್ತು.

ಪ್ರದರ್ಶನದ ದಿನ ಅವ್ವನ ಪಕ್ಕ ಕಾಕಾರನ್ನು ತೂಗುಹಾಕಿದೆ. ಬೆರಳು ಹೇಗೆ ಸೊಟ್ಟಗಿದ್ದವೋ ಹಾಗೆಯೇ ಬರೆದಿದ್ದೆ. ಅವರ ಹೆಂಡತಿ ಬಂದರು, ಊರುಗೋಲು ಹಿಡಿದು. ಕಾಕಾರ ಚಿತ್ರದ ಎದುರು ನಿಂತರು. ಊರವರು ಸುತ್ತ ಇದ್ದರು. ಅವರೆಲ್ಲರಿಗೂ ಕೇಳುವ ಹಾಗೆ ಹೇಳಿದೆ:

"ಬಿದ್ದದ್ದಲ್ಲರಿ ಕಾಕು. ನಮ್ಮಪ್ಪ ಮುರದ. ನಾ ಸುಳ್ಳ ಹೇಳಿದ್ನಿ. ನಮ್ಮವ್ವನೂ ಬಿದ್ದಿರಲಿಲ್ಲ."

ಕಾಕು ತಿರುಗಲಿಲ್ಲ.

"ಸಾಯೂತನಕ ನನಗೂ ಬಿದ್ನಿ ಅಂತನ ಹೇಳಿದ್ರು," ಎಂದರು. "ಉಣ್ಣಾಕ ಕುಂತಾಗೊಮ್ಮೆ ನಾನ ತುತ್ತ ಮಾಡಿ ಕೊಡತಿದ್ನಿ. ಕೊಡೂ ಮುಂದ ದಿನಾ ಬೈತಿದ್ನಿ, ಒಂದ ಸ್ಟೂಲ್ ಮ್ಯಾಲ ನೆಟ್ಟಗ ನಿಂದ್ರಾಕ ಬರಲಿಲ್ಲ ನಿಮಗ ಅಂತ. ನಗತಿದ್ರು."

ಕೈ ಚಾಚಿ ಚಿತ್ರದ ಹೆಬ್ಬೆರಳು ಮುಟ್ಟಿದರು. ಕೊನೆಗೆ ಬರೆದ ಚಿತ್ರ ಅದು, ಬಣ್ಣ ಇನ್ನೂ ಹಸಿ ಇತ್ತು; ಅವರ ಬೆರಳಿಗೆ ಹತ್ತಿತು. ಒರೆಸಿಕೊಳ್ಳಲಿಲ್ಲ. ಆಗ ನನ್ನ ಕಡೆ ತಿರುಗಿದರು.

"ಅವರು ಸಾಯೂ ಒಂದ ದಿನ ಮೊದಲ ಬಂದಿದ್ರೂ ಸಾಕಿತ್ತಲ್ಲ ಬೇ. ನಾ ಬೈಯೂದನ್ನರ ಬಿಡತಿದ್ನಿ."